ಊರಿನಲ್ಲಿ ಸ್ಕೇಟ್‌ಪಾರ್ಕ್ ಇದೆ, ಎಲ್ಲಿದೆ ಎಂದು ದಯವಿಟ್ಟು ಹೇಳಿ

ಇವರಿಗೆ,
ಮಾನ್ಯ ಮೇಯರ್‌ಗಳು, ಕೌನ್ಸಿಲರ್‌ಗಳು ಹಾಗೂ ಉದ್ಯಾನ ಮತ್ತು ಕ್ರೀಡಾ ವಿಭಾಗದ ಅಧಿಕಾರಿಗಳು,
ಪ್ರಾದೇಶಿಕ ಆಸ್ಟ್ರೇಲಿಯಾದ ಶೈರ್ (ಗ್ರಾಮೀಣ ಸ್ಥಳೀಯ ಆಡಳಿತ) ಹಾಗೂ ನಗರ ಕೌನ್ಸಿಲ್‌ಗಳು

ವಿಷಯ: ಸಾರ್ವಜನಿಕ ಸ್ಕೇಟ್‌ಪಾರ್ಕ್‌ಗಳ ಬಗ್ಗೆ ಸರಿಯಾದ ಮಾಹಿತಿ, ದಾರಿಫಲಕ ಮತ್ತು ನಿರ್ವಹಣೆಯನ್ನು ಕೋರಿ

ಮಾನ್ಯರೇ,

ನಾನು ಶಿವಮೊಗ್ಗ ಜಿಲ್ಲೆಯವಳು. ಈಗ ನ್ಯೂ ಸೌತ್ ವೇಲ್ಸ್‌ನ ರಿವರೀನಾ ಪ್ರದೇಶದ ಒಂದು ಊರಿನಲ್ಲಿ, ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸ್ ಆಗಿದ್ದೇನೆ. ಮಗಳಿಗೆ ಸ್ಕೇಟ್‌ಬೋರ್ಡ್ ಎಂದರೆ ಪ್ರಾಣ. ಅವಳ ತಮ್ಮನಿಗೆ ಬಿಎಂಎಕ್ಸ್ ಸೈಕಲ್. ಶಾಲೆಗೆ ರಜೆ ಬಂತೆಂದರೆ, ಅಥವಾ ನನಗೂ ಯಜಮಾನರಿಗೂ ಒಂದೇ ವಾರಾಂತ್ಯ ಬಿಡುವು ಸಿಕ್ಕಿತೆಂದರೆ, ಬೋರ್ಡು, ಸೈಕಲ್ಲು, ಹೆಲ್ಮೆಟ್ಟು, ನೀರಿನ ಕ್ಯಾನು ಎಲ್ಲವನ್ನೂ ಕಾರಿಗೆ ತುಂಬಿಕೊಂಡು ಯಾವುದಾದರೊಂದು ಊರಿನ ಸ್ಕೇಟ್‌ಪಾರ್ಕ್, ಅಂದರೆ ಚಕ್ರದ ಆಟಗಳಿಗಾಗಿ ಕಟ್ಟಿದ ಇಳಿಜಾರು, ಗುಣಿಗಳ ಜಾಗ, ಹುಡುಕಿಕೊಂಡು ಹೊರಡುತ್ತೇವೆ. ಹೀಗೆ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾದ ಒಳನಾಡಿನ ಎಷ್ಟೋ ಊರುಗಳನ್ನು ನಾವು ನೋಡಿದ್ದು ಮಕ್ಕಳ ಚಕ್ರಗಳ ಹಿಂದೆ ಹೋಗಿಯೇ. ನಾನು ಕಣ್ಣಾರೆ ಕಂಡದ್ದನ್ನು ನಿಮ್ಮ ಮುಂದಿಟ್ಟು, ಕೆಲವು ಕೋರಿಕೆಗಳನ್ನು ಸಲ್ಲಿಸಲು ಈ ಪತ್ರ ಬರೆಯುತ್ತಿದ್ದೇನೆ. ನಾವು ಹೋಗಿಬಂದ ಊರುಗಳ ಕೌನ್ಸಿಲ್‌ಗಳಿಗೆ ಇದರ ಇಂಗ್ಲಿಷ್ ಪ್ರತಿ ತಲುಪಲಿದೆ. ಕನ್ನಡದಲ್ಲಿ ಬಹಿರಂಗವಾಗಿ ಬರೆಯಲು ಕಾರಣ, ಇದೇ ಊರುಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳೂ ಇದನ್ನು ಓದಬೇಕು, ನನ್ನ ಜೊತೆ ದನಿಗೂಡಿಸಬೇಕು ಎಂಬ ಆಸೆ.

ದೂರು ಹೇಳುವ ಮೊದಲು ಕೃತಜ್ಞತೆ ಹೇಳಬೇಕು. ಆಸ್ಟ್ರೇಲಿಯಾದ ಸಣ್ಣ ಸಣ್ಣ ಊರುಗಳೂ ತಮ್ಮ ಮಕ್ಕಳಿಗಾಗಿ ಸ್ಕೇಟ್‌ಪಾರ್ಕ್ ಕಟ್ಟಿಸಿವೆ. ಒಂದು ಬೇಕರಿ, ಒಂದು ಪಬ್, ಧಾನ್ಯದ ಸೈಲೊ, ಈಜುಕೊಳ, ಯೋಧರ ಸ್ಮಾರಕ ಇಷ್ಟೇ ಇರುವ ಊರಿನಲ್ಲೂ ಎಲ್ಲೋ ಒಂದು ಕಡೆ ಕಾಂಕ್ರೀಟಿನ ಒಂದು ಕ್ವಾರ್ಟರ್ ಪೈಪ್ (ಬಾಗಿದ ಇಳಿಜಾರು), ಜಾರಲು ಒಂದು ಕಬ್ಬಿಣದ ರೈಲ್ ಸಿಗುತ್ತದೆ. ಅಲ್ಲಿ ಗೇಟಿಲ್ಲ, ಟಿಕೆಟ್ಟಿಲ್ಲ, ಸದಸ್ಯತ್ವವಿಲ್ಲ. ಫುಟಿ (ಇಲ್ಲಿನ ಫುಟ್‌ಬಾಲ್), ನೆಟ್‌ಬಾಲ್, ಈಜು, ಯಾವುದೇ ಕ್ಲಬ್ಬಿಗೆ ಮಗುವನ್ನು ಸೇರಿಸಬೇಕೆಂದರೂ ನೋಂದಣಿ ಶುಲ್ಕ, ಸಮವಸ್ತ್ರ, ಶನಿವಾರದ ಪಂದ್ಯಗಳಿಗೆ ಮಕ್ಕಳನ್ನು ಕರೆದೊಯ್ಯುವ ಪಾಳಿ ಎಲ್ಲ ಇರುತ್ತದೆ. ಶನಿವಾರ–ಭಾನುವಾರವೂ ಡ್ಯೂಟಿ ಇರುವ ನನ್ನಂಥವರಿಗೆ ಅದು ಸುಲಭವಲ್ಲ. ಸ್ಕೇಟ್‌ಪಾರ್ಕ್ ಮಾತ್ರ ಯಾವ ಹೊತ್ತಿಗೆ ಹೋದರೂ, ಯಾರು ಹೋದರೂ ಒಳಗೆ ಬಿಟ್ಟುಕೊಳ್ಳುತ್ತದೆ.

ಇದರ ಬೆಲೆ ಹೊಸದಾಗಿ ಬಂದವರಿಗೆ ಚೆನ್ನಾಗಿ ಗೊತ್ತು. 2019ರ ನವೆಂಬರ್‌ನಲ್ಲಿ 491 ಎಂಬ ಪ್ರಾದೇಶಿಕ ವೀಸಾ ಜಾರಿಗೆ ಬಂದ ಮೇಲೆ, ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಬೇರೆ ಊರುಗಳಲ್ಲಿ ನೆಲೆಸಬೇಕೆಂಬ ಷರತ್ತಿನೊಂದಿಗೆ ಭಾರತದಿಂದ ಬಹಳ ಕುಟುಂಬಗಳು ಬಂದಿವೆ. ದೊಡ್ಡವರಿಗೆ ಕೆಲಸದ ಜಾಗದಲ್ಲಿ ಪರಿಚಯವಾಗುತ್ತದೆ. ಮಕ್ಕಳು ಹೊಸ ಶಾಲೆಯಲ್ಲಿ ಮಾತಿಗೆ ತಡಕಾಡುತ್ತಾರೆ. ನನ್ನ ಮಗಳು ಈ ಊರಿಗೆ ಬಂದ ಹೊಸತರಲ್ಲಿ ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಸ್ಕೇಟ್‌ಪಾರ್ಕಿನಲ್ಲಿ ಮಾತು ಹೆಚ್ಚು ಬೇಕಾಗಿರಲಿಲ್ಲ. ಒಬ್ಬರು ಇಳಿದು ಬರುವವರೆಗೆ ಇನ್ನೊಬ್ಬರು ಕಾಯುವುದು, ಯಾರಾದರೂ ಒಂದು ಟ್ರಿಕ್ ಸರಿಯಾಗಿ ಹೊಡೆದರೆ ಬೋರ್ಡಿನ ತುದಿಯನ್ನು ನೆಲಕ್ಕೆ ಬಡಿದು ಮೆಚ್ಚುವುದು, ಬಿದ್ದವರಿಗೆ ಕೈ ಕೊಡುವುದು, ಇಷ್ಟರಲ್ಲೇ ಅವಳಿಗೆ ಗೆಳತಿಯರು ಸಿಕ್ಕರು. ಡ್ರಾಪ್ ಇನ್ ಮಾಡುವುದನ್ನು, ಅಂದರೆ ರಾಂಪಿನ ತುದಿಯಿಂದ ಬೋರ್ಡಿನ ಮೇಲೆ ಕೆಳಗಿಳಿಯುವುದನ್ನು, ಅವಳಿಗೆ ಕಲಿಸಿದ್ದು ಹದಿನಾರು ವರ್ಷದ ಒಬ್ಬ ಹುಡುಗ. ಸೂಪರ್ ಮಾರ್ಕೆಟ್ಟಿನಲ್ಲಿ ಪಾಳಿ ಮುಗಿಸಿ, ಅದೇ ಕೆಲಸದ ಅಂಗಿಯಲ್ಲಿ ಬಂದು ಕಲಿಸುತ್ತಿದ್ದ. ನಿಮ್ಮ ಕೌನ್ಸಿಲ್ ಹಾಕಿದ ಕಾಂಕ್ರೀಟಿನ ಮೇಲೆ ನಮ್ಮ ಕುಟುಂಬ ಈ ದೇಶದಲ್ಲಿ ಬೇರು ಬಿಟ್ಟಿದೆ. ಆ ಋಣ ನನಗಿದೆ. ಆದ್ದರಿಂದಲೇ ಇಷ್ಟು ಕಾಳಜಿಯಿಂದ ಬರೆಯುತ್ತಿದ್ದೇನೆ.

ಈಗ ದೂರಿಗೆ ಬರುತ್ತೇನೆ. ಇಷ್ಟು ಹಣ ಹಾಕಿ ಕಟ್ಟಿಸಿದ ಈ ಪಾರ್ಕ್‌ಗಳು ಎಲ್ಲಿವೆ, ಹೇಗಿವೆ ಎಂಬುದನ್ನು ನೀವು ಹೇಳುವುದಿಲ್ಲ.

ಬಹುತೇಕ ಕೌನ್ಸಿಲ್‌ಗಳ ವೆಬ್‌ಸೈಟಿನಲ್ಲಿ ಉದ್ಯಾನಗಳ ಒಂದು ಪಟ್ಟಿ ಇರುತ್ತದೆ. ಯಾವುದೋ ಕಾಲದ ಕೌನ್ಸಿಲರ್ ಒಬ್ಬರ ಹೆಸರಿನ ಒಂದು ರಿಸರ್ವ್ (ಸಾರ್ವಜನಿಕ ಬಯಲು), ಅದರ ಕೆಳಗೆ ಬಾರ್ಬೆಕ್ಯೂ, ಶೌಚಾಲಯ, ಉಯ್ಯಾಲೆ, ನಾಯಿ ಬಿಡುವ ಜಾಗ ಎಂಬ ಸಾಲಿನಲ್ಲಿ ‘ಸ್ಕೇಟ್‌ಪಾರ್ಕ್’ ಎಂದು ಒಂದೇ ಪದ. ರಿಸರ್ವ್‌ನ ವಿಳಾಸ ಕೊಟ್ಟಿರುತ್ತಾರೆ, ಆದರೆ ಆ ರಿಸರ್ವ್ ನದಿಯ ದಡದುದ್ದಕ್ಕೂ ಹರಡಿಕೊಂಡಿರುತ್ತದೆ. ಒಂದು ತುದಿಯಲ್ಲಿ ಕಾರು ನಿಲ್ಲಿಸಿ, ಸೈಕಲ್ ತಳ್ಳಿಕೊಂಡು, ಮಕ್ಕಳೊಂದಿಗೆ ಯೂಕಲಿಪ್ಟಸ್ ಮರಗಳ ನಡುವೆ ಅಲೆದು, ಕೊನೆಗೆ ಅದು ರಸ್ತೆಯ ಆಚೆ, ಟೆನಿಸ್ ಕೋರ್ಟುಗಳ ಹಿಂದೆ ಇದೆ ಎಂದು ನಾಯಿಯೊಂದಿಗೆ ನಡೆಯುತ್ತಿದ್ದ ಅಜ್ಜಿಯೊಬ್ಬರಿಂದ ತಿಳಿದುಕೊಂಡಿದ್ದೇವೆ. ಚಿತ್ರವೇನಾದರೂ ಹಾಕಿದ್ದರೆ ಅದು ಉದ್ಘಾಟನೆಯ ದಿನ ತೆಗೆದದ್ದು. ಆಮೇಲೆ ಎಷ್ಟು ವರ್ಷ ಕಳೆದಿವೆ, ಅದರಲ್ಲಿ ಏನು ಉಳಿದಿದೆ ಎಂಬುದು ಗೊತ್ತಾಗುವುದಿಲ್ಲ.

ಫೋನಿನ ನಕ್ಷೆಯನ್ನು ನಂಬಿ ಹೊರಟರೂ ಹೀಗೇ. ಒಂದು ಊರಿನಲ್ಲಿ ನಕ್ಷೆ ತೋರಿಸಿದ ಜಾಗದಲ್ಲಿ ಹುಲ್ಲುಹಾಸು ಮಾತ್ರ ಇತ್ತು. ಹಳೆಯ ಪಾರ್ಕನ್ನು ಕಿತ್ತುಹಾಕಿ ಊರಿನ ಇನ್ನೊಂದು ಬದಿಯಲ್ಲಿ ಹೊಸದು ಕಟ್ಟಿದ್ದರು, ಆದರೆ ನಕ್ಷೆಯಲ್ಲಿ ಹಳೆಯದೇ ಉಳಿದಿತ್ತು. ಇನ್ನೊಂದು ಊರಿಗೆ ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಹೋದರೆ ಸುತ್ತಲೂ ತಾತ್ಕಾಲಿಕ ಬೇಲಿ, ಒಳಗೆ ಜೆಸಿಬಿ. ದುರಸ್ತಿ ನಡೆಯುತ್ತಿದೆ ಎಂಬುದು ಸಂತೋಷದ ಸಂಗತಿ. ಕೌನ್ಸಿಲ್ಲಿನ ಪುಟದಲ್ಲಿ ಅದನ್ನು ಒಂದು ಸಾಲಿನಲ್ಲಿ ಬರೆದಿದ್ದರೆ ನಾವು ಬೇರೆ ಊರಿಗೆ ಹೋಗುತ್ತಿದ್ದೆವು. ಅಳುಮುಖ ಮಾಡಿಕೊಂಡ ಮಗನನ್ನು ಬೇಕರಿಗೆ ಕರೆದುಕೊಂಡು ಹೋಗಿ ಸಮಾಧಾನ ಮಾಡಿ ಹಿಂದಿರುಗಿದೆವು.

‘ಸ್ಕೇಟ್‌ಪಾರ್ಕ್’ ಎಂಬ ಒಂದು ಪದ ಯಾಕೆ ಸಾಲದು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ಆಟ ಆಡದವರಿಗೆ ಇದು ಗೊತ್ತಿರುವುದಿಲ್ಲ, ಮಗಳು ಕಲಿಸುವವರೆಗೆ ನನಗೂ ಗೊತ್ತಿರಲಿಲ್ಲ. ಬೀದಿ ಶೈಲಿಯಲ್ಲಿ ಸ್ಕೇಟ್ ಮಾಡುವವರ ಚಕ್ರಗಳು 50ರಿಂದ 54 ಮಿಲಿಮೀಟರ್ ವ್ಯಾಸದ್ದು, ಕಲ್ಲಿನಂತೆ ಗಟ್ಟಿ. ನಯವಾದ ಕಾಂಕ್ರೀಟಿನ ಮೇಲೆ ಅವು ಸುಖವಾಗಿ ಉರುಳುತ್ತವೆ. ಒರಟು ಡಾಂಬರಿನ ಮೇಲೆ ಹಲ್ಲು ಅಲುಗುವಷ್ಟು ನಡುಗುತ್ತವೆ, ಕಡಲೆಕಾಳಿನಷ್ಟು ಜಲ್ಲಿಕಲ್ಲು ಸಿಕ್ಕರೂ ಚಕ್ರ ಅಲ್ಲೇ ನಿಲ್ಲುತ್ತದೆ, ಮಗು ಮುಂದಕ್ಕೆ ಹಾರಿ ಬೀಳುತ್ತದೆ. ಹಳೆಯ ಟೆನಿಸ್ ಕೋರ್ಟಿನ ಡಾಂಬರಿನ ಮೇಲೆ ಉಕ್ಕಿನ ರಾಂಪ್‌ಗಳನ್ನು ತಂದಿಟ್ಟ ಜಾಗವೂ ಸ್ಕೇಟ್‌ಪಾರ್ಕೇ, ಮೂರು ಮೀಟರ್ ಆಳದ ಕಾಂಕ್ರೀಟ್ ಬೌಲ್ (ಬಟ್ಟಲಿನಾಕಾರದ ಗುಣಿ) ಇರುವ ಜಾಗವೂ ಸ್ಕೇಟ್‌ಪಾರ್ಕೇ. ಮೊದಲನೆಯದರಲ್ಲಿ ನನ್ನ ಮಗ ಸೈಕಲ್ಲಿನಲ್ಲಿ ಸಂತೋಷವಾಗಿರುತ್ತಾನೆ, ಮಗಳು ಹತ್ತು ನಿಮಿಷಕ್ಕೆ ಸೋತು ಕೂರುತ್ತಾಳೆ. ಎರಡನೆಯದರಲ್ಲಿ ನುರಿತವರಿಗೆ ಹಬ್ಬ, ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಅಂಚಿನಲ್ಲಿ ನಿಂತು ನೋಡುವುದಷ್ಟೇ ಕೆಲಸ. ಕಲಿಯುವವರಿಗೆ ಬೇಕಾದದ್ದು ಒಂದಿಷ್ಟು ಸಮತಟ್ಟು ಜಾಗ, ಸೊಂಟದೆತ್ತರದ ಒಂದು ಮಿನಿ ರಾಂಪ್, ಗಿಡ್ಡನೆಯ ಒಂದು ಲೆಡ್ಜ್ (ಕಟ್ಟೆ). ಸ್ಕೂಟರಿನವರಿಗೆ, ರೋಲರ್ ಸ್ಕೇಟಿನವರಿಗೆ, ಗಾಲಿಕುರ್ಚಿಯಲ್ಲೇ ರಾಂಪ್ ಇಳಿಯುವ ಡಬ್ಲ್ಯುಸಿಎಂಎಕ್ಸ್ ಆಟಗಾರರಿಗೆ ಬೇಕಾದದ್ದು ಇನ್ನೂ ಬೇರೆ. ಕಾರು ನಿಲ್ಲಿಸುವ ಜಾಗದಿಂದ ಪಾರ್ಕಿನವರೆಗೆ ಗಟ್ಟಿ ದಾರಿ ಇದೆಯೇ, ಅಥವಾ ಹುಲ್ಲು–ಮಣ್ಣಿನ ಮೇಲೆ ಗಾಲಿಕುರ್ಚಿ ತಳ್ಳಬೇಕೇ ಎಂಬುದೇ ಅವರಿಗೆ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಮನೆಯಲ್ಲಿದ್ದಾಗಲೇ ಸಿಗಬೇಕು.

ಬಿಸಿಲಿನ ಮಾತು ಬೇರೆಯೇ ಇದೆ. ಒಳನಾಡಿನಲ್ಲಿ ಜನವರಿ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ಅಪರೂಪವಲ್ಲ. ಆ ಬಿಸಿಲಿಗೆ ಉಕ್ಕಿನ ರಾಂಪ್ ಕಾವಲಿಯಂತೆ ಕಾಯುತ್ತದೆ, ಬಿದ್ದ ಮಗುವಿನ ಅಂಗೈ ಸುಡುತ್ತದೆ. ನೆರಳು ಇದೆಯೇ, ಕುಡಿಯುವ ನೀರಿನ ನಲ್ಲಿ ಇದೆಯೇ, ಶೌಚಾಲಯ ಎಷ್ಟು ದೂರ, ರಾತ್ರಿ ದೀಪ ಎಷ್ಟು ಗಂಟೆಯವರೆಗೆ ಉರಿಯುತ್ತದೆ ಎಂಬುದು ತಂದೆತಾಯಿಗೆ ಅಗತ್ಯವಾಗಿ ಬೇಕಾದ ಮಾಹಿತಿ. ಇದೇ ಕಾರಣಕ್ಕೆ ದೀಪದ ಬಗ್ಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಬೇಸಿಗೆಯಲ್ಲಿ ಹಗಲು ಆಡಲಾಗುವುದಿಲ್ಲ. ಜೂನ್ ತಿಂಗಳಲ್ಲಿ ನಮ್ಮ ಕಡೆ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಶಾಲೆ ಬಿಟ್ಟು ಮನೆಗೆ ಬಂದು ತಿಂಡಿ ತಿನ್ನುವಷ್ಟರಲ್ಲಿ ಕತ್ತಲು. ಅಂದರೆ ವರ್ಷದಲ್ಲಿ ಎರಡು ಋತು ಈ ಜಾಗ ದೀಪವಿಲ್ಲದೆ ನಿರುಪಯೋಗಿ. ಪಕ್ಕದ ಓವಲ್ ಮೈದಾನಕ್ಕೂ ಟೆನಿಸ್ ಕೋರ್ಟಿಗೂ ದೀಪದ ಕಂಬಗಳಿವೆ. ಮಧ್ಯೆ ಇರುವ ಸ್ಕೇಟ್‌ಪಾರ್ಕು ಕತ್ತಲಲ್ಲಿದೆ. ಕತ್ತಲಾದ ಮೇಲೆ ಹೆಣ್ಣುಮಕ್ಕಳು ಅಲ್ಲಿ ನಿಲ್ಲುವುದಿಲ್ಲ, ಅವರ ತಾಯಂದಿರು ನಿಲ್ಲಲು ಬಿಡುವುದೂ ಇಲ್ಲ. ದೀಪವಿಲ್ಲದಿದ್ದರೆ ಪಾರ್ಕಿನಿಂದ ಮೊದಲು ಹೊರಬೀಳುವವರು ಹುಡುಗಿಯರು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸ್ಕೇಟ್‌ಬೋರ್ಡಿಂಗ್ ಪಾರ್ಕ್ ವಿಭಾಗದಲ್ಲಿ ಆಸ್ಟ್ರೇಲಿಯಾಕ್ಕೆ ಚಿನ್ನ ಗೆದ್ದುಕೊಟ್ಟ ಅರಿಸಾ ಟ್ರೂಗೆ ಆಗ 14 ವರ್ಷ. ಈ ದೇಶದ ಅತಿ ಕಿರಿಯ ಒಲಿಂಪಿಕ್ ಚಿನ್ನದ ಪದಕ ವಿಜೇತೆ ಅವಳು, ಹುಟ್ಟಿದ್ದು ಕೇರ್ನ್ಸ್‌ನಲ್ಲಿ. ಅದೇ ವಿಭಾಗದಲ್ಲಿ ಪುರುಷರ ಚಿನ್ನವನ್ನು ಕೀಗನ್ ಪಾಮರ್ ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಗೆದ್ದರು. ಟೋಕಿಯೊದಲ್ಲಿ ಬಿಎಂಎಕ್ಸ್ ಫ್ರೀಸ್ಟೈಲ್‌ನ ಚಿನ್ನ ಲೋಗನ್ ಮಾರ್ಟಿನ್ ಅವರದು. ಗೆದ್ದಾಗ ಎಲ್ಲ ಕೌನ್ಸಿಲ್‌ಗಳೂ ಅಭಿನಂದನೆ ಹೇಳಿದವು, ನಾವೂ ಟಿವಿ ಮುಂದೆ ಕುಣಿದೆವು. 2032ರಲ್ಲಿ ಒಲಿಂಪಿಕ್ಸ್ ಬ್ರಿಸ್ಬೇನ್‌ಗೇ ಬರುತ್ತಿದೆ. ಅಂದು ಆಡುವ ವಯಸ್ಸಿಗೆ ಬರುವ ಮಕ್ಕಳು ಇಂದು ನಿಮ್ಮ ಊರಿನ ಪ್ರಾಥಮಿಕ ಶಾಲೆಯಲ್ಲಿದ್ದಾರೆ.

ಮಾಹಿತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಊರಿನ ಹೆಸರು ಹೇಳುವುದಿಲ್ಲ, ಏಕೆಂದರೆ ಇದು ಯಾವ ಊರಿನಲ್ಲೂ ಆಗಬಹುದಿತ್ತು. ನಾವು ಮೊದಲ ಬಾರಿಗೆ ಹೋಗಿದ್ದ ಪಾರ್ಕಿನಲ್ಲಿ, ಎರಡು ಕಾಂಕ್ರೀಟ್ ಹಾಸುಗಳ ನಡುವಿನ ಸಂದು ಬಾಯಿಬಿಟ್ಟಿತ್ತು. ಮಗಳ ಮುಂದಿನ ಚಕ್ರ ಅದರಲ್ಲಿ ಸಿಕ್ಕಿಕೊಂಡು, ಅವಳು ಕೈ ಊರಿ ಬಿದ್ದಳು. ನರ್ಸ್ ಆದ್ದರಿಂದ ನೋಡಿದೊಡನೆ ಗೊತ್ತಾಯಿತು, ಮಣಿಕಟ್ಟು ಮುರಿದಿದೆ. ಬೆರಳುಗಳ ಬಣ್ಣ ಬದಲಾಗುತ್ತಿತ್ತು. ಇಲ್ಲಿನ ತುರ್ತು ಸಂಖ್ಯೆ ಮೂರು ಸೊನ್ನೆಗೆ (000) ಫೋನ್ ಮಾಡಿದರೆ ಆ ಕಡೆಯವರು ತಾಳ್ಮೆಯಿಂದ ಕೇಳಿದ ಮೊದಲ ಪ್ರಶ್ನೆ, ‘ನೀವು ಎಲ್ಲಿದ್ದೀರಿ?’ ನನ್ನ ಬಳಿ ಉತ್ತರವಿರಲಿಲ್ಲ. ಪಾರ್ಕಿನಲ್ಲಿ ಹೆಸರಿನ ಫಲಕವಿಲ್ಲ, ರಸ್ತೆಯ ಹೆಸರು ಕಾಣುವುದಿಲ್ಲ, ಆ ರಿಸರ್ವ್‌ಗೆ ಮೂರು ದಾರಿಗಳಿವೆ. ಸಿಗ್ನಲ್ ಒಂದು ಗೆರೆ ಮಾತ್ರ. ಅಲ್ಲಿದ್ದ ಸ್ಥಳೀಯ ಹುಡುಗರಲ್ಲಿ ಒಬ್ಬ ಫೋನ್ ತೆಗೆದುಕೊಂಡು, ‘ಹಳೆ ಜಾತ್ರೆ ಮೈದಾನದ ಹಿಂದೆ, ಕ್ರಿಕೆಟ್ ನೆಟ್ಟಿನ ಕಡೆಯಿಂದ ಬನ್ನಿ’ ಎಂದು ದಾರಿ ಹೇಳಿದ. ಇನ್ನೊಬ್ಬ ಸೈಕಲ್ ಹತ್ತಿ ರಸ್ತೆಯವರೆಗೆ ಹೋಗಿ ನಿಂತು ಆಂಬುಲೆನ್ಸಿಗೆ ಕೈ ಮಾಡಿದ. ಮಗಳ ಕೈ ಈಗ ಸರಿಯಾಗಿದೆ. ಆ ಹುಡುಗರು ಅಂದು ಅಲ್ಲಿ ಇರದಿದ್ದರೆ ಎಂದು ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತದೆ.

ವಿಕ್ಟೋರಿಯಾದ ಅನೇಕ ಉದ್ಯಾನಗಳಲ್ಲಿ, ನಡಿಗೆ ದಾರಿಗಳಲ್ಲಿ ಮೂರು ಅಕ್ಷರ, ಮೂರು ಅಂಕಿಗಳ ತುರ್ತು ಗುರುತು ಫಲಕಗಳಿವೆ. ಆ ಸಂಕೇತ ಓದಿ ಹೇಳಿದರೆ ಸಾಕು, ನಿಯಂತ್ರಣ ಕೊಠಡಿಯವರಿಗೆ ನಿಖರ ಜಾಗವೂ ಅಲ್ಲಿಗೆ ವಾಹನ ಬರುವ ದಾರಿಯೂ ತಿಳಿಯುತ್ತದೆ. ಮಕ್ಕಳು ಬೀಳುವುದು ಖಚಿತವಾಗಿರುವ ಜಾಗಕ್ಕೆ ಅಂಥದೊಂದು ಫಲಕ ಇರಲೇಬೇಕಲ್ಲವೇ? ಅದಿಲ್ಲದ ರಾಜ್ಯಗಳಲ್ಲಿ ಪಾರ್ಕಿನ ಹೆಸರು, ರಸ್ತೆಯ ವಿಳಾಸ, ಆಂಬುಲೆನ್ಸ್ ಬರಬೇಕಾದ ಗೇಟು ಯಾವುದು ಎಂಬ ಮೂರು ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಬಹುದು. ಈಗ ಪಾರ್ಕುಗಳಲ್ಲಿ ಇರುವ ಫಲಕಗಳಲ್ಲಿ ಏನೇನು ಮಾಡಬಾರದು ಎಂಬ ಪಟ್ಟಿ ಉದ್ದಕ್ಕೆ ಇರುತ್ತದೆ, ನೀವು ಎಲ್ಲಿದ್ದೀರಿ ಎಂಬುದು ಇರುವುದಿಲ್ಲ.

ಇಷ್ಟೆಲ್ಲ ಮಾಹಿತಿ ಕೊಡುವುದು ಕಷ್ಟ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ, ಏಕೆಂದರೆ ಬೇರೆ ವಿಷಯಗಳಲ್ಲಿ ನೀವೇ ಅದನ್ನು ಚೆನ್ನಾಗಿ ಮಾಡುತ್ತಿದ್ದೀರಿ. ಕೇಂದ್ರ ಸರ್ಕಾರ ಸಾರ್ವಜನಿಕ ಶೌಚಾಲಯಗಳ ರಾಷ್ಟ್ರೀಯ ನಕ್ಷೆಯನ್ನೇ ನಡೆಸುತ್ತಿದೆ. ದೇಶದ ಸಾವಿರಾರು ಶೌಚಾಲಯಗಳು ಎಲ್ಲಿವೆ, ಎಷ್ಟು ಹೊತ್ತಿಗೆ ತೆರೆದಿರುತ್ತವೆ, ಗಾಲಿಕುರ್ಚಿ ಹೋಗುತ್ತದೆಯೇ ಎಂಬುದು ಅದರಲ್ಲಿದೆ. ಕ್ಯಾರವಾನ್ ಕಟ್ಟಿಕೊಂಡು ತಿರುಗುವ ಹಿರಿಯರಿಗಾಗಿ ಎಷ್ಟೋ ಊರುಗಳ ಬಾಗಿಲಲ್ಲೇ ‘ಆರ್‌ವಿ ಫ್ರೆಂಡ್ಲಿ ಟೌನ್’ ಎಂಬ ಫಲಕ ಕಾಣುತ್ತದೆ. ಅವರ ಶೌಚದ ತೊಟ್ಟಿ ಖಾಲಿ ಮಾಡುವ ಡಂಪ್ ಪಾಯಿಂಟ್ ಎಲ್ಲಿದೆ ಎಂದು ತಿರುವು ತಿರುವಿಗೂ ಬಾಣದ ಗುರುತು ಇರುತ್ತದೆ. ಹಿರಿಯರಿಗೆ ಸಿಕ್ಕ ಈ ಗೌರವ ನನಗೆ ಇಷ್ಟ, ನಾನು ದಿನವೂ ಅವರ ಸೇವೆ ಮಾಡುವವಳು. ಮಕ್ಕಳಿಗೂ ಒಂದು ಬಾಣದ ಗುರುತು ಕೊಡಿ ಎಂದು ಕೇಳುತ್ತಿದ್ದೇನೆ.

ಅದರಿಂದ ಊರಿಗೂ ಲಾಭವಿದೆ. ನ್ಯೂವೆಲ್ ಹೆದ್ದಾರಿ ಟೊಕಮ್‌ವಾಲ್‌ನಿಂದ ಗೂಂಡಿವಿಂಡಿಯವರೆಗೆ ಸಾವಿರ ಕಿಲೋಮೀಟರಿನಷ್ಟು ಉದ್ದ, ನರಾಂಡೆರಾ, ವೆಸ್ಟ್ ವಯಲಾಂಗ್, ಫೋರ್ಬ್ಸ್, ಪಾರ್ಕ್ಸ್, ಡಬ್ಬೊ, ಕೂನಬರಬ್ರನ್, ನರಬ್ರೈ, ಮೊರೀ ಊರುಗಳನ್ನು ಹಾದು ಹೋಗುತ್ತದೆ. ಸ್ಟರ್ಟ್ ಹೆದ್ದಾರಿಯಲ್ಲಿ ಹೇ ಬಯಲು ದಾಟುವಾಗ ಕಣ್ಣು ಹಾಯಿಸಿದಷ್ಟು ದೂರ ಒಂದು ಏರಿಲ್ಲ, ಇಳಿವಿಲ್ಲ. ಎರಡು ಗಂಟೆಗೊಮ್ಮೆ ನಿಲ್ಲಿಸಿ ವಿಶ್ರಮಿಸಿ ಎಂದು ರಸ್ತೆ ಸುರಕ್ಷತೆಯವರು ಹೇಳುತ್ತಲೇ ಇರುತ್ತಾರೆ. ರಜೆಯ ದಿನಗಳಲ್ಲಿ ಡ್ರೈವರ್ ರಿವೈವರ್ ಸ್ವಯಂಸೇವಕರು ರಸ್ತೆ ಬದಿಯಲ್ಲಿ ಚಹಾ ಬಿಸ್ಕತ್ತು ಇಟ್ಟುಕೊಂಡು ಕಾಯುತ್ತಾರೆ. ಹಿಂದಿನ ಸೀಟಿನಲ್ಲಿ ಕೂತು ಕೂತು ಜಗಳವಾಡುವ ಮಕ್ಕಳಿಗೆ ಚಹಾ ಬೇಕಿಲ್ಲ, ಮೈ ಬಿಚ್ಚಿ ಆಡಲು ಒಂದು ಗಂಟೆ ಬೇಕು. ಹೆದ್ದಾರಿಯಲ್ಲೇ ‘ಸ್ಕೇಟ್‌ಪಾರ್ಕ್, 600 ಮೀಟರ್’ ಎಂಬ ಫಲಕವಿದ್ದರೆ ನಾವು ಖಂಡಿತ ತಿರುಗುತ್ತೇವೆ. ಮಕ್ಕಳು ಆಡುವಷ್ಟು ಹೊತ್ತು ನಾವು ನಿಮ್ಮ ಬೇಕರಿಯಲ್ಲಿ ಪೈ ತಿನ್ನುತ್ತೇವೆ, ಪೆಟ್ರೋಲ್ ಹಾಕಿಸುತ್ತೇವೆ, ಔಷಧಿ ಅಂಗಡಿಯಲ್ಲಿ ಬ್ಯಾಂಡೇಜು ಕೊಳ್ಳುತ್ತೇವೆ. ಫಲಕವಿಲ್ಲದ ಊರನ್ನು 50 ಕಿಲೋಮೀಟರ್ ವೇಗದಲ್ಲಿ ಹಾದು ಮುಂದೆ ಹೋಗುತ್ತೇವೆ.

ಹುಡುಕುವುದು ಇಷ್ಟು ಕಷ್ಟವಾಗಿರುವುದಕ್ಕೆ ಇನ್ನೊಂದು ಕಾರಣ, ಅದನ್ನು ಇಟ್ಟಿರುವ ಜಾಗ. ಗದ್ದಲ ಮಾಡುವ ಹುಡುಗರು ಕಣ್ಣಿಗೆ ಬೀಳದಿರಲಿ ಎಂದು ಅದನ್ನು ಊರಾಚೆ, ಕಸ ವಿಂಗಡಣೆ ಘಟಕದ ಹತ್ತಿರ, ರೈಲು ಹಳಿಯ ಆಚೆ ಕಟ್ಟಿರುವುದನ್ನು ಕಂಡಿದ್ದೇನೆ. ಯಾರೂ ಕಾಣದ ಜಾಗದಲ್ಲಿ ಬಾಟಲಿ ಒಡೆಯುವವರು ಬಂದು ಸೇರುತ್ತಾರೆ, ಆ ಗಾಜು ನೋಡಿ ‘ಸ್ಕೇಟ್‌ಪಾರ್ಕ್ ಎಂದರೆ ಹೀಗೇ’ ಎಂದು ಊರಿನವರು ಹೇಳುತ್ತಾರೆ. ಗ್ರಂಥಾಲಯದ ಪಕ್ಕ, ಈಜುಕೊಳದ ಎದುರು, ಮುಖ್ಯ ಬೀದಿಯಿಂದ ನಡೆದು ಹೋಗುವಷ್ಟು ಹತ್ತಿರ ಇರುವ ಪಾರ್ಕುಗಳಲ್ಲಿ ನಾನು ಗಾಜನ್ನು ಕಂಡಿದ್ದು ತೀರಾ ಕಡಿಮೆ. ಅಲ್ಲಿ ಅಜ್ಜಂದಿರು ಬೆಂಚಿನಲ್ಲಿ ಕೂತು ನೋಡುತ್ತಾರೆ, ಪುಟ್ಟ ಮಕ್ಕಳು ಬ್ಯಾಲೆನ್ಸ್ ಬೈಕಿನಲ್ಲಿ ಬರುತ್ತಾರೆ, ದೊಡ್ಡ ಹುಡುಗರು ತಾವಾಗಿಯೇ ವೇಗ ತಗ್ಗಿಸುತ್ತಾರೆ.

ಊರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿ ಸಾಕ್ಷಿ. ಅಲ್ಲಿನ ‘ಸ್ನೇಕ್ ರನ್’ ಎಂಬ, ಇಳಿಜಾರಿನಲ್ಲಿ ಹಾವಿನಂತೆ ಹರಿದು ಬರುವ ಕಾಂಕ್ರೀಟ್ ಓಣಿ 1976ರಲ್ಲಿ ಸಿದ್ಧವಾಯಿತು, ಊರಿನವರೇ ಹಣ ಕೂಡಿಸಿದ್ದರು. ಜಗತ್ತಿನ ಅತಿ ಹಳೆಯ ಸ್ಕೇಟ್‌ಪಾರ್ಕ್‌ಗಳಲ್ಲಿ ಅದೂ ಒಂದು, ಇಂದಿಗೂ ಮಕ್ಕಳು ಅದರಲ್ಲಿ ಇಳಿಯುತ್ತಾರೆ. ರಾಜಧಾನಿ ಪರ್ತ್‌ನಿಂದ ನಾನೂರು ಕಿಲೋಮೀಟರ್ ದೂರದ ಬಂದರು ಊರು ಅದು. ನ್ಯೂಕಾಸಲ್‌ನ ಬಾರ್ ಬೀಚ್ ಬೌಲ್ ಸಮುದ್ರದ ಎದುರಿಗೇ ಇದೆ. ಟೋಕಿಯೊದಲ್ಲಿ ಆಸ್ಟ್ರೇಲಿಯಾವನ್ನು ಪ್ರತಿನಿಧಿಸಿದ ಪಾಪಿ ಸ್ಟಾರ್ ಓಲ್ಸನ್ ಅದೇ ಊರಿನವರು. ಇಂಥ ಜಾಗಗಳಿಗೆ ಯಾರೂ ದಾರಿ ಕೇಳಬೇಕಾಗಿಲ್ಲ, ಏಕೆಂದರೆ ಊರು ಅವನ್ನು ತನ್ನ ಹೆಮ್ಮೆ ಎಂದುಕೊಂಡಿದೆ.

ನಿರ್ವಹಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೇ ಗೊತ್ತಿದೆ. ಹೊಸದಾಗಿ ಕಟ್ಟಲು ರಾಜ್ಯದಿಂದ, ಕೇಂದ್ರದಿಂದ ಅನುದಾನ ಬರುತ್ತದೆ. ಕಟ್ಟಿದ್ದನ್ನು ನೋಡಿಕೊಳ್ಳುವ ಖರ್ಚು ಕೌನ್ಸಿಲ್ಲಿನ ಮೇಲೇ ಬೀಳುತ್ತದೆ. ಕಡಿಮೆ ಜನ, ವಿಶಾಲ ಪ್ರದೇಶ, ನೂರಾರು ಕಿಲೋಮೀಟರ್ ಮಣ್ಣಿನ ರಸ್ತೆ ನೋಡಿಕೊಳ್ಳಬೇಕಾದ ಶೈರ್‌ಗಳ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಸ್ಕೇಟ್‌ಪಾರ್ಕಿನ ತೊಂದರೆಗಳಲ್ಲಿ ಹೆಚ್ಚಿನವು ಸಣ್ಣವು. ಬೌಲಿನ ತಳದ ಚರಂಡಿಗೆ ಎಲೆ ಕಟ್ಟಿಕೊಂಡು ವಾರಗಟ್ಟಲೆ ನೀರು ನಿಲ್ಲುತ್ತದೆ, ತೆಗೆಯಲು ಹತ್ತು ನಿಮಿಷ. ಸಂದುಗಳಿಗೆ ತುಂಬುವ ಸಾಮಗ್ರಿ ದುಬಾರಿಯಲ್ಲ. ಉಕ್ಕಿನ ರಾಂಪಿನಿಂದ ಎದ್ದ ಬೋಲ್ಟನ್ನು ಬಿಗಿ ಮಾಡಲು ಒಂದು ಸ್ಪ್ಯಾನರ್ ಸಾಕು. ಹುಲ್ಲು ಕತ್ತರಿಸುವವರು ಯಂತ್ರದ ಮುಖವನ್ನು ಪಾರ್ಕಿನಿಂದ ಆಚೆಗೆ ತಿರುಗಿಸಿದರೆ ಕಲ್ಲು ಕಡ್ಡಿ ಕಾಂಕ್ರೀಟಿನ ಮೇಲೆ ಬಂದು ಬೀಳುವುದಿಲ್ಲ. ಎಷ್ಟೋ ಊರುಗಳಲ್ಲಿ ಹುಡುಗರೇ ಮನೆಯಿಂದ ಪೊರಕೆ ತಂದು ಗುಡಿಸುವುದನ್ನು ನೋಡಿದ್ದೇನೆ. ಅಲ್ಲೊಂದು ಪೊರಕೆ ತೂಗು ಹಾಕಿಟ್ಟರೂ ಅವರು ಸಂತೋಷದಿಂದ ಬಳಸುತ್ತಾರೆ.

ಆದ್ದರಿಂದ ನನ್ನ ಕೋರಿಕೆಗಳು ಇವು. ನಿಮ್ಮ ವ್ಯಾಪ್ತಿಯ ಪ್ರತಿ ಸ್ಕೇಟ್‌ಪಾರ್ಕಿಗೂ ವೆಬ್‌ಸೈಟಿನಲ್ಲಿ ಪ್ರತ್ಯೇಕ ಪುಟ ತೆರೆಯಿರಿ. ಕಾರು ನಿಲ್ಲಿಸುವ ಜಾಗದ ನಕ್ಷೆಯ ಗುರುತು, ಈ ವರ್ಷ ತೆಗೆದ ಚಿತ್ರಗಳು, ನೆಲ ಯಾವುದರದ್ದು, ಬೌಲ್ ಇದ್ದರೆ ಎಷ್ಟು ಆಳ, ಕಲಿಯುವವರಿಗೆ ಜಾಗ ಇದೆಯೇ, ನೆರಳು, ನೀರು, ಶೌಚಾಲಯ, ದೀಪದ ಸಮಯ, ಗಾಲಿಕುರ್ಚಿಯ ದಾರಿ, ಇಷ್ಟು ಅದರಲ್ಲಿರಲಿ. ಒಬ್ಬ ಸಿಬ್ಬಂದಿ ಫೋನ್ ಹಿಡಿದು ಒಂದು ಮಧ್ಯಾಹ್ನ ತಿರುಗಿದರೆ ಮುಗಿಯುವ ಕೆಲಸ ಇದು. ದುರಸ್ತಿಗೆ ಮುಚ್ಚುವಾಗ ಅದೇ ಪುಟದಲ್ಲಿ ದಿನಾಂಕ ಹಾಕಿ, ಕಿತ್ತುಹಾಕಿದ ಪಾರ್ಕನ್ನು ನಕ್ಷೆಗಳಿಂದ ತೆಗೆಸಿ. ಊರಿನ ಬಾಗಿಲಲ್ಲಿ, ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ದಾರಿ ತೋರಿಸಿ. ತುರ್ತು ಫಲಕವನ್ನು ಮಾತ್ರ ಮುಂದಿನ ಬಜೆಟ್ಟಿಗೆ ತಳ್ಳದೆ ಈಗಲೇ ಹಾಕಿಸಿ, ಅದು ಕೈಕಾಲಿನ, ಕೆಲವೊಮ್ಮೆ ಜೀವದ ಪ್ರಶ್ನೆ. ಅಕ್ಕಪಕ್ಕದ ಶೈರ್‌ಗಳು ಸೇರಿ ಒಂದೇ ಪಟ್ಟಿ ಮಾಡಿದರೆ ಇನ್ನೂ ಒಳ್ಳೆಯದು, ಏಕೆಂದರೆ ಮಕ್ಕಳ ಚಕ್ರಗಳಿಗೆ ಶೈರಿನ ಗಡಿ ಕಾಣುವುದಿಲ್ಲ. ರಾಜ್ಯ ಸರ್ಕಾರಗಳು ಮತ್ತು ಕೇಂದ್ರ ಸರ್ಕಾರ ಶೌಚಾಲಯಗಳ ನಕ್ಷೆಯ ಮಾದರಿಯಲ್ಲಿ ದೇಶಕ್ಕೇ ಒಂದು ನಕ್ಷೆ ಮಾಡಲಿ ಎಂದೂ ಕೋರುತ್ತೇನೆ. ಇನ್ನು ಹೊಸ ಪಾರ್ಕ್ ಕಟ್ಟುವಾಗ ಅಲ್ಲಿ ಆಡುವ ಮಕ್ಕಳನ್ನು, ವಿಶೇಷವಾಗಿ ಹುಡುಗಿಯರನ್ನು, ವಿನ್ಯಾಸ ಮುಗಿದ ಮೇಲಲ್ಲ, ಜಾಗ ಆರಿಸುವ ಮೊದಲೇ ಕರೆದು ಕೇಳಿ. ಶಾಲೆಯ ಹೊತ್ತಿನಲ್ಲಿ ಸಭೆ ಇಟ್ಟರೆ ಅವರು ಬರಲಾರರು. ಸಂಜೆ ಪಾರ್ಕಿನಲ್ಲೇ ಸಭೆ ಮಾಡಿ.

ಈ ಊರುಗಳಲ್ಲಿರುವ ಕನ್ನಡದ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಎರಡು ಮಾತು. ನಾವು ಬೆಳೆದ ಊರುಗಳಲ್ಲಿ ಇಂಥದೊಂದು ಜಾಗ ಇರಲಿಲ್ಲ, ಆದ್ದರಿಂದ ಇದು ಯಾರದ್ದೋ ಖಾಸಗಿ ಕ್ಲಬ್ಬು, ಇಲ್ಲವೇ ಪುಂಡರ ಅಡ್ಡೆ ಎಂದು ಹಿಂಜರಿಯುವವರನ್ನು ಬಲ್ಲೆ. ಅದು ಕೌನ್ಸಿಲ್ಲಿನದು, ಅಂದರೆ ನಿಮ್ಮದೂ ಹೌದು. ಹೆಲ್ಮೆಟ್, ಮಣಿಕಟ್ಟಿನ ಪಟ್ಟಿ ಹಾಕಿಸಿ ಕರೆದುಕೊಂಡು ಹೋಗಿ. ಜನ ಕಡಿಮೆ ಇರುವ ಬೆಳಗಿನ ಹೊತ್ತು ಕಲಿಯುವವರಿಗೆ ಒಳ್ಳೆಯದು. ಸರದಿ ಬರುವವರೆಗೆ ಕಾಯಬೇಕು, ಇನ್ನೊಬ್ಬರ ದಾರಿಗೆ ಅಡ್ಡ ಇಳಿಯಬಾರದು, ರಾಂಪಿನ ಮೇಲೆ ಕೂರಬಾರದು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ. ಮತ್ತು ಕೌನ್ಸಿಲ್ಲಿಗೆ ಬರೆಯಿರಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಕೌನ್ಸಿಲ್ಲಿನ ಸಮುದಾಯ ಯೋಜನೆಯ ಕರಡನ್ನು ಕನಿಷ್ಠ 28 ದಿನ ಸಾರ್ವಜನಿಕರ ಮುಂದಿಡಬೇಕು. ವೋಟು ಇಲ್ಲದ ತಾತ್ಕಾಲಿಕ ವೀಸಾದವರೂ ಅದಕ್ಕೆ ಅಭಿಪ್ರಾಯ ಸಲ್ಲಿಸಬಹುದು. ಊರಿಗೆ ಹೊಸಬರು ಎಂದು ಸುಮ್ಮನಿರಬೇಕಾಗಿಲ್ಲ.

ಮಾನ್ಯರೇ, ನಾವು ಹೋಗಿಬಂದ ಪಾರ್ಕುಗಳ ಬಗ್ಗೆ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟಿದ್ದಾಳೆ. ಯಾವ ಗೇಟಿನಿಂದ ಹೋಗಬೇಕು, ಎಲ್ಲಿ ಬಿರುಕಿದೆ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಎಲ್ಲವೂ ಅದರಲ್ಲಿದೆ. ಯಾವ ಕೌನ್ಸಿಲ್ ಕೇಳಿದರೂ ಆ ಊರಿನ ಪುಟಗಳ ಪ್ರತಿಯನ್ನು ಕಳುಹಿಸಿಕೊಡುತ್ತೇವೆ, ಪುಟ ಸಿದ್ಧಪಡಿಸಲು ಸಹಾಯ ಬೇಕಿದ್ದರೆ ಬಂದು ಮಾಡಿಕೊಡುತ್ತೇವೆ. ಡಿಸೆಂಬರಿನಲ್ಲಿ ಬೇಸಿಗೆ ರಜೆ ಶುರುವಾಗಿ ಕುಟುಂಬಗಳು ರಸ್ತೆಗಿಳಿಯುವ ಮೊದಲು ಕನಿಷ್ಠ ವಿಳಾಸ, ಚಿತ್ರ ಮತ್ತು ತುರ್ತು ಫಲಕದ ಕೆಲಸ ಆಗಬೇಕೆಂದು ವಿನಂತಿಸುತ್ತೇನೆ. ನಿಮ್ಮ ಲಿಖಿತ ಉತ್ತರದ ನಿರೀಕ್ಷೆಯಲ್ಲಿದ್ದೇನೆ.

ಗೌರವಪೂರ್ವಕವಾಗಿ,

ರಿವರೀನಾದಲ್ಲಿ ನೆಲೆಸಿರುವ ಒಬ್ಬ ಕನ್ನಡತಿ,
ಇಬ್ಬರು ಮಕ್ಕಳ ತಾಯಿ